ಹಿಡಿದ ಮನೆ ಕೈಗೆ ಬಾರದಿದ್ದರೆ

ಮನೆಯ ಬಾಡಿಗೆಯ ವಿಷಯವಾಗಿ ನಮ್ಮ ಜನರಲ್ಲಿ ನಡೆಯತಕ್ಕ ಮಾತು ಸಾಮಾನ್ಯವಾಗಿ ಎರಡೇ ಸಂಗತಿಗಳನ್ನು ಕುರಿತದ್ದು: ಬಾಡಿಗೆಯನ್ನು ಎಷ್ಟರ ಮಟ್ಟಿಗೆ ಏರಿಸಬಹುದು ಎಂಬುದೊಂದು, ಒಕ್ಕಲನ್ನು ಯಾವಾಗ ಬಿಡಿಸಬಹುದು ಎಂಬುದು ಇನ್ನೊಂದು. ಇವೆರಡಕ್ಕೂ ಮೊದಲು ಬರತಕ್ಕ ಮೂರನೆಯ ಸಂಗತಿಯೊಂದುಂಟು. ಮಾತು ಮುಗಿದು, ಮುಂಗಡ ಸಂದಾಯವಾಗಿ, ಹಾಲು ಉಕ್ಕಿಸುವ ದಿನವೂ ಗೊತ್ತಾದ ಮೇಲೆ, ಮನೆಯ ಯಜಮಾನನು ಆ ಮನೆಯನ್ನು ಕೊಡಲಾರದೆ ಹೋದರೆ ಬಾಡಿಗೆದಾರನಿಗೆ ಇರುವ ಹಕ್ಕೇನು? ಈ ಪ್ರಶ್ನೆಯನ್ನು ಇಂದಿನ ಭಾಷಣದಲ್ಲಿ ವಿಚಾರಮಾಡಬೇಕೆಂದು ನಾವು ಉದ್ದೇಶಿಸಿದ್ದೇವೆ.

ವಿಷಯವು ಸ್ಪಷ್ಟವಾಗುವಂತೆ ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಕೊಳಾಲವೆಂಬುದು ಒಂದು ಹೋಬಳಿಯ ಮುಖ್ಯಸ್ಥಳ. ಅಲ್ಲಿಯ ರೈತ ಕುಟುಂಬವೊಂದರ ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ ದೊರೆಯಿತೆಂದು ಇಟ್ಟುಕೊಳ್ಳೋಣ. ತಂದೆ ಅಡಿಕೆ ಮಾರಿ ಬಂದ ಹಣಕ್ಕೆ ಅಷ್ಟಿಷ್ಟು ಸಾಲವನ್ನೂ ಕೂಡಿಸಿ ಆರು ಲಕ್ಷ ರೂಪಾಯಿಗಳನ್ನು ಒದಗಿಸಿಕೊಟ್ಟರು. ಆ ಹಣಕ್ಕೆ ಎರಡು ವರ್ಷದ ಭೋಗ್ಯದ ಮೇಲೆ ಒಂದು ಫ್ಲಾಟು ಗೊತ್ತಾಯಿತು. ಆಷಾಢದಲ್ಲಿ ಮನೆ ಬದಲಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಜ್ಯೇಷ್ಠ ಮಾಸ ಮುಗಿಯುವುದರೊಳಗೆ ಪ್ರವೇಶವೆಂದು ನಿಶ್ಚಯವಾಯಿತು. ಆ ದಿನ ಸಾಮಾನಿನ ಲಾರಿ ಬಾಗಿಲಿಗೆ ಬಂದು ನಿಂತರೆ, ಮನೆಯ ಬೀಗದ ಕೈ ಮಾತ್ರ ಬರಲಿಲ್ಲ. ಕೊಟ್ಟ ಹಣ ಒಂದು ಸಂಸಾರದ ಅನೇಕ ವರ್ಷಗಳ ಉಳಿತಾಯ, ನಿಲ್ಲಲು ನೆರಳಿಲ್ಲ, ಹಳೆಯ ಮನೆಯನ್ನು ಬಿಟ್ಟುಕೊಟ್ಟಾಗಿದೆ. ಇಂತಹ ಸ್ಥಿತಿಯಲ್ಲಿ ನ್ಯಾಯವು ಇವರಿಗೆ ಏನು ಹೇಳುತ್ತದೆ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಮನೆಬಾಡಿಗೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬಾಡಿಗೆ ನಿಯಂತ್ರಣದ ಶಾಸನಗಳು. ಮೈಸೂರು ದೇಶದಲ್ಲಿ ೧೯೫೧ರಲ್ಲಿ ಅಂತಹ ಒಂದು ಶಾಸನವಾಯಿತು. ಅನಂತರ ೧೯೬೧ರ ಕಾಯಿದೆ ಬಂದಿತು. ಅದರ ಸ್ಥಳದಲ್ಲಿ ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ೨೦೦೧ನೆಯ ಡಿಸೆಂಬರ್ ೩೧ರಿಂದ ಜಾರಿಗೆ ಬಂದಿತು. ಆದರೆ ಇವು ಮುಖ್ಯವಾಗಿ ಮನೆಯೊಳಗೆ ಇರುವವನನ್ನು ಕಾಯತಕ್ಕವು. ಹೊಸ್ತಿಲನ್ನು ಇನ್ನೂ ದಾಟದವನಿಗೆ ಆಧಾರವಾಗಿರುವುವು ಇವುಗಳಿಗಿಂತ ಬಹಳ ಹಳೆಯವಾದ ಎರಡು ಶಾಸನಗಳು: ೧೮೭೨ರ ಕರಾರು ಕಾಯಿದೆ ಮತ್ತು ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆ. ನಾವು ಇಲ್ಲಿ ಹೇಳುವುದು ವಾಸದ ಮನೆಗಳ ಮಾತು. ಜಮೀನಿನ ಗೇಣಿಯ ವಿಷಯವೇ ಬೇರೆ. ಗೇಣಿದಾರರ ಸಾಗುವಳಿಯಲ್ಲಿದ್ದ ಭೂಮಿ ೧೯೭೪ನೆಯ ಮಾರ್ಚ್ ೧ರಿಂದ ಸರ್ಕಾರಕ್ಕೆ ಸೇರಿತೆಂಬುದನ್ನು ನಮ್ಮ ಹಳ್ಳಿಗಳ ಹಿರಿಯರೆಲ್ಲರೂ ಬಲ್ಲರು.

ಹಾಗಾದರೆ ನಮ್ಮ ಬಾಡಿಗೆದಾರನ ಕೈಯಲ್ಲಿರುವುದು ಏನೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಸ್ವತ್ತು ವರ್ಗಾವಣೆಯ ಕಾಯಿದೆಯ ೧೦೭ನೆಯ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು ರಿಜಿಸ್ಟರಾದ ಪತ್ರದ ಮೂಲಕವೇ ಆಗಬೇಕು. ಅದಕ್ಕೆ ಕಡಿಮೆಯಾದ ಅವಧಿಯದು ಬಾಯಿಮಾತಿನಲ್ಲಿಯೂ ಆಗಬಹುದು. ಆದರೆ ಆ ಮಾತಿನ ಜೊತೆಗೆ ಮನೆಯ ಸ್ವಾಧೀನವೂ ದೊರೆಯಬೇಕು. ಹನ್ನೊಂದು ತಿಂಗಳ ಕರಾರು ಪತ್ರಗಳು ನಮ್ಮಲ್ಲಿ ಇಷ್ಟೊಂದು ಬಳಕೆಗೆ ಬಂದಿರುವುದಕ್ಕೆ ಈ ನಿಯಮವೇ ಕಾರಣ. ಇದರಿಂದ ತಿಳಿಯಬೇಕಾದ ಸೂಕ್ಷ್ಮವೊಂದಿದೆ. ಕೊಳಾಲದಂತಹ ಊರುಗಳಲ್ಲಿ ಉಪಾಧ್ಯಾಯರಿಗೋ ನೌಕರರಿಗೋ ಮಾತಿನ ಮೇಲೆಯೇ ಮನೆ ಕೊಟ್ಟು ಬೀಗದ ಕೈಯನ್ನು ಒಪ್ಪಿಸಿಬಿಟ್ಟರೆ ಅದು ಪೂರ್ಣವಾದ ಗುತ್ತಿಗೆ. ಪಟ್ಟಣದಲ್ಲಿ ರುಜು ಮಾಡಿದ, ಆದರೆ ರಿಜಿಸ್ಟರಾಗದ ಕಾಗದವಿದ್ದು ಬೀಗದ ಕೈ ಕೈಸೇರದಿದ್ದರೆ, ಅದು ಇನ್ನೂ ಗುತ್ತಿಗೆಯಲ್ಲ. ಗುತ್ತಿಗೆ ಕೊಡುವೆನೆಂಬ ಕರಾರು ಮಾತ್ರ. ಕರಾರೆಂದು ಅದು ನಿಷ್ಪ್ರಯೋಜಕವೇನೂ ಅಲ್ಲ. ಆದರೆ ಅದರ ಬಲದಿಂದ ಕೇಳತಕ್ಕ ಪರಿಹಾರದ ದಾರಿ ಬೇರೆ.

ಭೋಗ್ಯದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಮಾಡಿ, ಅವಧಿ ಮುಗಿದಾಗ ಹಣವನ್ನು ಹಿಂದಕ್ಕೆ ಪಡೆಯತಕ್ಕ ಈ ಏರ್ಪಾಡನ್ನು ಪಟ್ಟಣದವರು ‘ಲೀಸ್’ ಎನ್ನುತ್ತಾರೆ. ಪತ್ರದ ತಲೆಬರಹವೇನೇ ಇರಲಿ, ಅದರ ತಿರುಳನ್ನು ನೋಡಿ ಅದು ಗುತ್ತಿಗೆಯೋ ಭೋಗ್ಯದ ಆಧಾರವೋ ಎಂಬುದನ್ನು ನ್ಯಾಯಸ್ಥಾನವು ತೀರ್ಮಾನಿಸುತ್ತದೆ. ಎರಡು ಮೂರು ವರ್ಷಗಳ ಅವಧಿಯಿದ್ದರೆ ಯಾವ ರೀತಿಯಿಂದ ನೋಡಿದರೂ ರಿಜಿಸ್ಟರು ಅವಶ್ಯಕ. ಲಕ್ಷಗಟ್ಟಲೆ ಹಣವನ್ನು ಕೊಟ್ಟು ಕೆಲವು ಸಾವಿರ ರೂಪಾಯಿಗಳ ರಿಜಿಸ್ಟರು ವೆಚ್ಚಕ್ಕೆ ಹಿಂಜರಿಯುವುದು ಜಾಣತನವಲ್ಲ.

ಇನ್ನು ಮನೆಯ ಯಜಮಾನನ ಕರ್ತವ್ಯವೇನೆಂಬುದನ್ನು ನೋಡೋಣ. ಬಾಡಿಗೆಗೆ ಕೊಟ್ಟ ದಿನ ಮನೆಯಲ್ಲಿ ಬೇರೆ ಯಾರೋ ಕುಳಿತಿದ್ದರೆ ಅವರನ್ನು ಬಿಡಿಸತಕ್ಕವರು ಯಾರು? ಈ ಪ್ರಶ್ನೆಗೆ ಲೋಕದಲ್ಲಿ ಎರಡು ಬಗೆಯ ಉತ್ತರಗಳಿವೆ. ೧೮೨೯ರಲ್ಲಿ ಕೋ ಮತ್ತು ಕ್ಲೇ ಎಂಬವರ ಖಟ್ಲೆಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು, ಬಾಡಿಗೆಗೆ ಕೊಡುವೆನೆಂದವನು ಸ್ವಾಧೀನವನ್ನೂ ಕೊಡುವೆನೆಂದು ಒಪ್ಪಿದಂತೆಯೇ ಎಂದು ತೀರ್ಪಿತ್ತರು. ಅಮೆರಿಕದ ವರ್ಜೀನಿಯಾ ಪ್ರಾಂತದ ನ್ಯಾಯಸ್ಥಾನವಾದರೋ ೧೯೩೦ರಲ್ಲಿ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿಯಿತು: ಯಜಮಾನನು ಕೊಡುವುದು ಹಕ್ಕನ್ನು, ಅಕ್ರಮವಾಗಿ ಒಳಗಿರುವವನನ್ನು ಹೊರಡಿಸುವ ಶ್ರಮ ಹೊಸ ಬಾಡಿಗೆದಾರನದು. ನಮ್ಮ ದೇಶದ ಶಾಸನವು ಈ ವಾದವಿವಾದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ೧೦೮ನೆಯ ಕಲಮಿನಲ್ಲಿ, ಬಾಡಿಗೆದಾರನು ಕೇಳಿದಾಗ ಅವನನ್ನು ಸ್ವಾಧೀನದಲ್ಲಿ ಇರಿಸುವುದು ಯಜಮಾನನ ಬದ್ಧ ಕರ್ತವ್ಯವೆಂದು ವಿಧಿಸಿದೆ.

ಈ ವಿಧಿಯಲ್ಲಿ ಗಮನಿಸಬೇಕಾದ ಮಾತುಗಳು ಎರಡು. ಮೊದಲನೆಯದು, ‘ಕೇಳಿದಾಗ’ ಎಂಬುದು. ಬಾಡಿಗೆದಾರನು ಕೇಳಬೇಕು; ಕೇಳಿದ್ದಕ್ಕೆ ಸಾಕ್ಷ್ಯವಿರಬೇಕು. ಎರಡನೆಯದು, ಕರಾರಾಗಲಿ ಊರಿನ ರೂಢಿಯಾಗಲಿ ಬೇರೆಯಾಗಿ ಇಲ್ಲದಿದ್ದರೆ ಮಾತ್ರ ಈ ವಿಧಿ ಅನ್ವಯಿಸುತ್ತದೆ ಎಂಬುದು. ಆದಕಾರಣ, ಹಿಂದಿನ ಒಕ್ಕಲು ಬಿಡುವವರೆಗೂ ಯಜಮಾನನು ಜವಾಬ್ದಾರನಲ್ಲವೆಂದು ಪತ್ರದ ಮೂಲೆಯಲ್ಲಿ ಒಂದು ಸಾಲು ಇದ್ದರೆ, ಶಾಸನವು ಕೊಟ್ಟದ್ದನ್ನು ನಾವೇ ರುಜು ಹಾಕಿ ಬಿಟ್ಟುಕೊಟ್ಟಂತಾಗುತ್ತದೆ. ಪತ್ರವನ್ನು ಕಡೆಯ ಸಾಲಿನವರೆಗೂ ಓದದೆ ರುಜು ಮಾಡಬಾರದು.

ಯಜಮಾನನು ಮನೆಯನ್ನು ಕೊಡಲಾಗದಿರುವುದಕ್ಕೆ ಕಾರಣಗಳು ಹಲವು. ಕಾರಣಕ್ಕೆ ತಕ್ಕಂತೆ ಹಕ್ಕೂ ಬದಲಾಗುವುದರಿಂದ ಅವುಗಳನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳುವುದು ಒಳ್ಳೆಯದು.

ಹಿಂದಿನ ಒಕ್ಕಲು ಬಿಡದಿರುವುದು, ಇಲ್ಲವೆ ಕಟ್ಟಡದ ಕೆಲಸ ಮುಗಿಯದಿರುವುದು ಮೊದಲನೆಯ ಬಗೆ. ಯಜಮಾನನು ಇದಕ್ಕೆ ‘ನಾನೇನು ಮಾಡಲಿ, ನನ್ನ ಕೈಯಲ್ಲಿಲ್ಲ’ ಎನ್ನುವುದುಂಟು. ಆದರೆ ಇವು ಆತನು ಮುಂದಾಗಿಯೇ ಊಹಿಸಬಹುದಾಗಿದ್ದ ತೊಡಕುಗಳು. ಅಸಾಧ್ಯವೆಂದು ಕಾನೂನು ಇವನ್ನು ಒಪ್ಪುವುದಿಲ್ಲ. ಇದು ಕರಾರಿನ ಭಂಗವೇ ಸರಿ. ಕರಾರು ಕಾಯಿದೆಯ ೭೩ನೆಯ ಕಲಮಿಗೆ ಕೊಟ್ಟಿರುವ ದೃಷ್ಟಾಂತಗಳಲ್ಲಿ ಒಂದು ನಮ್ಮ ವಿಷಯಕ್ಕೆ ಬಹಳ ಸಮೀಪವಾದದ್ದು. ಜನವರಿ ಒಂದನೆಯ ತಾರೀಖಿಗೆ ಮನೆ ಕಟ್ಟಿ ಮುಗಿಸುವೆನೆಂದು ಕಂಟ್ರಾಕ್ಟುದಾರನೊಬ್ಬನು ಒಪ್ಪಿದ್ದಾನೆ. ಆ ಮನೆಯನ್ನು ಅದೇ ದಿನ ಬಾಡಿಗೆಗೆ ಕೊಡಬೇಕಾಗಿರುವುದು ಅವನಿಗೆ ಗೊತ್ತಿದೆ. ಕೆಲಸ ಕೆಟ್ಟದ್ದಾಗಿ ಮನೆ ಬಿದ್ದುಹೋಗುತ್ತದೆ. ಬಾಡಿಗೆದಾರನಿಗೆ ಮನೆಯ ಯಜಮಾನನು ಪರಿಹಾರ ಕೊಡಬೇಕಾಗುತ್ತದೆ. ಆ ಪರಿಹಾರವನ್ನೂ, ತಪ್ಪಿದ ಬಾಡಿಗೆಯನ್ನೂ, ಮನೆಯನ್ನು ಪುನಃ ಕಟ್ಟುವ ವೆಚ್ಚವನ್ನೂ ಕಂಟ್ರಾಕ್ಟುದಾರನು ತುಂಬಿಕೊಡಬೇಕಾಗುತ್ತದೆ. ಮೇಸ್ತ್ರಿಯ ತಪ್ಪನ್ನು ಬಾಡಿಗೆದಾರನ ತಲೆಗೆ ಕಟ್ಟಲಾಗದೆಂಬುದು ೧೮೭೨ರಷ್ಟು ಹಿಂದೆಯೇ ಸಿದ್ಧವಾದ ಮಾತು. ಇಲ್ಲಿ ಇನ್ನೊಂದು ವಿಚಾರ. ಮನೆಯನ್ನು ಕೊಳ್ಳುವವರಿಗೆ ಸಕಾಲದಲ್ಲಿ ಸ್ವಾಧೀನ ಸಿಕ್ಕದಿದ್ದರೆ ೨೦೧೬ರ ರೇರಾ ಕಾಯಿದೆಯಿಂದ ರಕ್ಷಣೆಯುಂಟು. ಬಾಡಿಗೆಗೆ ಪಡೆದವರು ಆ ಕಾಯಿದೆಯ ವ್ಯಾಖ್ಯೆಯಿಂದ ಹೊರಗಾಗಿದ್ದಾರೆ. ಆದ್ದರಿಂದ ಅವರು ಆ ಬಾಗಿಲನ್ನು ತಟ್ಟಿ ಕಾಲಹರಣ ಮಾಡಬಾರದು.

ಹಾಗಾದರೆ ಪರಿಹಾರವೆಂದು ಏನೇನನ್ನು ಕೇಳಬಹುದು? ಕೊಟ್ಟ ಮುಂಗಡವು ಪೂರ್ಣವಾಗಿ ಹಿಂದಕ್ಕೆ ಬರಬೇಕು. ಅದರ ಮೇಲೆ, ಅದೇ ದರ್ಜೆಯ ಬೇರೆ ಮನೆಗೆ ಹೆಚ್ಚಾಗಿ ತೆರಬೇಕಾದ ಬಾಡಿಗೆ, ಎರಡು ಸಲ ಸಾಮಾನು ಸಾಗಿಸಿದ ಕೂಲಿ, ನಡುವೆ ತಂಗಿದ್ದ ವಸತಿಗೃಹದ ಖರ್ಚು, ಇಂತಹ ನೇರವಾದ ನಷ್ಟಗಳನ್ನು ಕೇಳಬಹುದು. ಬಹುದೂರದ ಸಂಬಂಧದ ನಷ್ಟಗಳು ಲೆಕ್ಕಕ್ಕೆ ಬಾರವು. ಕೈಲಾದ ಮಟ್ಟಿಗೆ ನಷ್ಟವನ್ನು ತಗ್ಗಿಸಿಕೊಳ್ಳುವ ಹೊಣೆ ಬಾಡಿಗೆದಾರನ ಮೇಲೂ ಇದೆ. ಯೋಗ್ಯವಾದ ಬೇರೆ ಮನೆ ದೊರೆಯುವಂತಿದ್ದರೂ ತಿಂಗಳುಗಟ್ಟಲೆ ಹೋಟೆಲಿನಲ್ಲಿದ್ದು ಆ ವೆಚ್ಚವನ್ನೆಲ್ಲ ಯಜಮಾನನಿಂದ ಕೇಳಿದರೆ ನ್ಯಾಯಸ್ಥಾನ ಒಪ್ಪುವುದಿಲ್ಲ. ಹಣ ಬೇಡ, ಆ ಮನೆಯೇ ಬೇಕೆನ್ನುವವರು ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಕರಾರನ್ನು ನಡೆಸಿಕೊಡಬೇಕೆಂದು ದಾವೆ ಹೂಡಬಹುದು. ರಿಜಿಸ್ಟರಾಗದ ಪತ್ರವನ್ನು ಕೂಡ ಇಂತಹ ದಾವೆಯಲ್ಲಿ ಕರಾರಿಗೆ ಸಾಕ್ಷ್ಯವಾಗಿ ಹಾಜರುಪಡಿಸಲು ಅವಕಾಶವುಂಟು.

ಎರಡನೆಯ ಬಗೆಯು ಮನೆಯ ಒಂದು ಭಾಗವನ್ನು ಕೊಟ್ಟು ಇನ್ನೊಂದು ಭಾಗವನ್ನು ಕೊಡದಿರುವುದು. ಕಲ್ಕತ್ತೆಯ ಸ್ಟೀಫನ್ ಕೋರ್ಟ್ ಸಂಸ್ಥೆಯ ಖಟ್ಲೆಯೊಂದು ಹೀಗೆಯೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬಾಡಿಗೆಗೆ ಹಿಡಿದ ಫ್ಲಾಟಿನ ಮೂರು ಮಲಗುವ ಕೋಣೆಗಳಲ್ಲಿ ಒಂದರ ಸ್ವಾಧೀನ ಬಾಡಿಗೆದಾರನಿಗೆ ಸಿಕ್ಕಿರಲಿಲ್ಲ. ಆದಕಾರಣ ಬಾಡಿಗೆಯನ್ನೇ ಕೊಡಬೇಕಾಗಿಲ್ಲವೆಂಬುದು ಆತನ ವಾದ. ೧೯೬೬ರಲ್ಲಿ ಹೊರಬಿದ್ದ ತೀರ್ಪು ನಡುದಾರಿಯನ್ನು ಹಿಡಿಯಿತು. ಮನೆಯ ಬಹುಭಾಗವನ್ನು ಅನುಭವಿಸುತ್ತ ಏನನ್ನೂ ಕೊಡದಿರುವುದು ನ್ಯಾಯವಲ್ಲ. ಸಿಕ್ಕದ ಕೋಣೆಗೂ ಸೇರಿಸಿ ಪೂರ್ಣ ಬಾಡಿಗೆ ಕೊಡುವುದೂ ನ್ಯಾಯವಲ್ಲ. ಸಂದರ್ಭವನ್ನು ನೋಡಿ, ದೊರೆತ ಭಾಗಕ್ಕೆ ತಕ್ಕಷ್ಟು ಕೊಡುವುದೇ ಯುಕ್ತ. ಆದ್ದರಿಂದ ವಾಹನ ನಿಲ್ಲಿಸುವ ಸ್ಥಳವನ್ನೋ ಒಂದು ಕೋಣೆಯನ್ನೋ ಯಜಮಾನನು ತಡೆಹಿಡಿದನೆಂದು ಕೋಪದಿಂದ ಬಾಡಿಗೆಯನ್ನು ಪೂರ್ತಿಯಾಗಿ ನಿಲ್ಲಿಸಿಬಿಡುವುದು ಅಪಾಯಕರ.

ಮೂರನೆಯದು, ಕೊಡುವ ಹಕ್ಕೇ ಇಲ್ಲದವನು ಕೊಡುವೆನೆಂದು ಹೇಳಿ ಹಣ ಪಡೆಯುವುದು. ಒಂದೇ ಮನೆಯನ್ನು ಇಬ್ಬರಿಗೆ ಒಪ್ಪಿಕೊಳ್ಳುವುದು, ಮಧ್ಯಸ್ಥನು ತಾನೇ ಯಜಮಾನನೆಂಬಂತೆ ನಡೆದುಕೊಳ್ಳುವುದು, ಸಾಲಕ್ಕಾಗಿ ಬ್ಯಾಂಕಿಗೆ ಒತ್ತೆಯಾದ ಮನೆಯನ್ನು ಆ ಸಂಗತಿಯನ್ನು ಮರೆಮಾಚಿ ಭೋಗ್ಯಕ್ಕೆ ಕೊಡುವುದು, ಇವೆಲ್ಲ ಈ ಗುಂಪಿಗೆ ಸೇರಿದುವು. ಇಬ್ಬರಿಗೆ ಒಪ್ಪಿದ ಪಕ್ಷದಲ್ಲಿ, ಎರಡನೆಯವನು ಮೊದಲ ಕರಾರನ್ನು ಅರಿಯದೆ ಸದ್ಭಾವದಿಂದ ಹಣ ಕೊಟ್ಟು ಗುತ್ತಿಗೆ ಪಡೆದಿದ್ದರೆ, ಮೊದಲನೆಯವನಿಗೆ ಆ ಮನೆ ಸಿಕ್ಕುವುದು ಕಷ್ಟ. ಆತನಿಗೆ ಉಳಿಯುವುದು ಯಜಮಾನನ ಮೇಲಿನ ಹಣದ ಹಕ್ಕು. ಅಂತಹ ಸುಳಿವು ಸಿಕ್ಕಿದ ಕೂಡಲೆ ತಾತ್ಕಾಲಿಕ ತಡೆಯಾಜ್ಞೆಗಾಗಿ ನ್ಯಾಯಸ್ಥಾನಕ್ಕೆ ಹೋಗಬೇಕಾದದ್ದು ಇದಕ್ಕಾಗಿಯೇ. ಒತ್ತೆಯ ಮನೆಯ ವಿಷಯದಲ್ಲಿ ೨೦೦೨ರ ಸರ್ಫೇಸಿ ಕಾಯಿದೆಯನ್ನು ನೆನಪಿನಲ್ಲಿಡಬೇಕು. ಸಾಲ ತೀರಿಸೆಂದು ಬ್ಯಾಂಕು ಆ ಕಾಯಿದೆಯಂತೆ ನೋಟೀಸು ಕೊಟ್ಟ ಮೇಲೆ ಅದರ ಲಿಖಿತ ಒಪ್ಪಿಗೆಯಿಲ್ಲದೆ ಯಜಮಾನನು ಆ ಮನೆಯನ್ನು ಗುತ್ತಿಗೆಗೆ ಕೊಡುವಂತಿಲ್ಲ. ಅದಕ್ಕೆ ಮುಂಚೆ ಕ್ರಮವಾಗಿ ಗುತ್ತಿಗೆ ಪಡೆದವನು ೨೦೧೬ರ ತಿದ್ದುಪಡಿಯಂತೆ ಸಾಲವಸೂಲಿ ನ್ಯಾಯಮಂಡಲಿಯ ಮುಂದೆ ತನ್ನ ಹಕ್ಕನ್ನು ಹೇಳಿಕೊಳ್ಳಬಹುದು; ಆದರೆ ರಿಜಿಸ್ಟರಾಗದ ಕಾಗದವಷ್ಟೇ ಇದ್ದರೆ ಅಲ್ಲಿ ಅವನ ನಿಲುವು ದುರ್ಬಲ. ಆರಂಭದಲ್ಲಿಯೇ ಮೋಸದ ಉದ್ದೇಶವಿತ್ತೆಂದು ತೋರಿಬಂದರೆ ಅದು ಅಪರಾಧವೂ ಹೌದು. ೨೦೨೪ನೆಯ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೧೮ನೆಯ ಕಲಮು ವಂಚನೆಗೆ ಸಂಬಂಧಿಸಿದ್ದು. ಕರಾರು ತಪ್ಪಿದವರೆಲ್ಲರೂ ವಂಚಕರಲ್ಲ. ಈ ಭೇದವನ್ನು ಪೊಲೀಸರೂ ನ್ಯಾಯಸ್ಥಾನವೂ ನೋಡುತ್ತಾರೆ.

ನಾಲ್ಕನೆಯದು ದೈವಿಕ. ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಮನೆಯೇ ಇಲ್ಲವಾದರೆ ಏನು? ಲಂಡನ್ನಿನಲ್ಲಿ ನಾಲ್ಕು ದಿನಗಳ ಸಂಗೀತೋತ್ಸವಕ್ಕೆಂದು ಗೊತ್ತಾಗಿದ್ದ ಸಭಾಮಂದಿರವೊಂದು ೧೮೬೧ನೆಯ ಜೂನ್ ತಿಂಗಳಲ್ಲಿ ಸುಟ್ಟುಹೋಯಿತು. ಯಾರ ತಪ್ಪೂ ಇಲ್ಲದೆ ವಸ್ತುವೇ ನಾಶವಾದಾಗ ಎರಡು ಪಕ್ಷದವರೂ ಕರಾರಿನಿಂದ ಬಿಡುಗಡೆ ಹೊಂದುವರೆಂದು ೧೮೬೩ರಲ್ಲಿ ತೀರ್ಪಾಯಿತು. ನಮ್ಮ ಕರಾರು ಕಾಯಿದೆಯ ೫೬ನೆಯ ಕಲಮಿನ ಅಭಿಪ್ರಾಯವೂ ಇಂತಹದೇ. ೬೫ನೆಯ ಕಲಮಿನಂತೆ ಪಡೆದ ಹಣವನ್ನು ಹಿಂದಕ್ಕೆ ಕೊಡಬೇಕು. ಇಲ್ಲಿ ಮುಂಗಡವು ಬರುತ್ತದೆ, ನಷ್ಟಪರಿಹಾರ ಬರುವುದಿಲ್ಲ. ಮನೆ ಕೊಡಲಾಗದೆಂಬುದು ಯಜಮಾನನಿಗೆ ಕರಾರಿನ ಕಾಲದಲ್ಲಿಯೇ ತಿಳಿದಿದ್ದು, ಬಾಡಿಗೆದಾರನಿಗೆ ತಿಳಿಯದಿದ್ದರೆ ಪರಿಹಾರವನ್ನೂ ಕೊಡಬೇಕಾಗುತ್ತದೆ.

ಗುತ್ತಿಗೆ ಪೂರ್ಣವಾದ ಮೇಲೆ ನಾಶವಾದರೆ ಕ್ರಮವು ಬೇರೆ. ಪೂರ್ಣವಾದ ಗುತ್ತಿಗೆಗೆ ೫೬ನೆಯ ಕಲಮು ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೬೮ರಲ್ಲಿ ಹೇಳಿದೆ. ಅಲ್ಲಿ ೧೦೮ನೆಯ ಕಲಮನ್ನೇ ನೋಡಬೇಕು. ಮನೆಯ ಮುಖ್ಯಭಾಗವು ಪೂರ್ಣವಾಗಿ ನಾಶವಾದರೆ, ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ, ಗುತ್ತಿಗೆಯನ್ನು ರದ್ದೆಂದು ಭಾವಿಸುವ ಆಯ್ಕೆ ಬಾಡಿಗೆದಾರನದು. ಆಯ್ಕೆಯೆಂದ ಮೇಲೆ ಅದನ್ನು ಆತನು ಬಾಯಿಬಿಟ್ಟು ಹೇಳಬೇಕು; ಹೇಳದೆ ಸುಮ್ಮನಿದ್ದರೆ ಗುತ್ತಿಗೆ ತಾನಾಗಿ ಮುಗಿಯುವುದಿಲ್ಲ. ೨೦೨೧ನೆಯ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೂರಂತಸ್ತಿನ ಕಟ್ಟಡವೊಂದು ಕುಸಿದು ನೆಲಸಮವಾದದ್ದನ್ನು ಅನೇಕರು ಬಲ್ಲರು. ಅಂತಹ ನಾಶವು ಈ ವಿಧಿಗೆ ಸರಿಯಾಗಿ ಹೊಂದುತ್ತದೆ. ಮರುವರ್ಷದ ಸೆಪ್ಟೆಂಬರಿನ ಮಳೆಯಲ್ಲಿ ಅದೇ ನಗರದ ಪೂರ್ವಭಾಗದ ಬಡಾವಣೆಗಳು ನೀರಿನಲ್ಲಿ ನಿಂತವು. ಕೆಲವು ದಿನಗಳಲ್ಲಿ ನೀರು ಇಳಿದು ವಾಸಕ್ಕೆ ಬರತಕ್ಕ ಮನೆಯ ವಿಷಯದಲ್ಲಿ ‘ಶಾಶ್ವತ’ ಎಂಬ ಪದವೇ ಅಡ್ಡಿಯಾಗುತ್ತದೆ. ಹೀಗಿರಲಾಗಿ, ವಾಸವಿಲ್ಲದ ದಿನಗಳಿಗೆ ಬಾಡಿಗೆ ಬಿಡಬೇಕೆಂಬ ಸಾಲನ್ನು ಪತ್ರದಲ್ಲಿಯೇ ಬರೆಯಿಸಿಕೊಳ್ಳುವುದು ಮೇಲು.

ಈಗ ನಮ್ಮ ಕೊಳಾಲದ ಸಂಸಾರವು ಮಾಡಬೇಕಾದದ್ದೇನು? ಮೊದಲನೆಯದಾಗಿ, ಗೊತ್ತಾದ ದಿನವೇ ಸ್ವಾಧೀನವನ್ನು ಕೇಳಿ ಒಂದು ಪತ್ರವನ್ನು ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಕಳುಹಿಸಬೇಕು. ಅದರಲ್ಲಿ ಕೊಟ್ಟ ಹಣ, ಕೊಟ್ಟ ತಾರೀಖು, ಮನೆ ಸಿಕ್ಕಬೇಕಾದ ದಿನ, ಕೊಡಲು ಇನ್ನೆಷ್ಟು ದಿನಗಳ ಅವಕಾಶ ಎಂಬುದೆಲ್ಲ ಸ್ಪಷ್ಟವಾಗಿರಲಿ. ಎರಡನೆಯದಾಗಿ, ಯಜಮಾನನು ‘ಆಷಾಢ ಕಳೆಯಲಿ, ಶ್ರಾವಣದಲ್ಲಿ ಬನ್ನಿ’ ಎಂದರೆ, ಒಪ್ಪುವ ಮೊದಲು ಕರಾರು ಕಾಯಿದೆಯ ೫೫ನೆಯ ಕಲಮನ್ನು ನೆನೆಯಬೇಕು. ಹೇಳಿದ ಕಾಲಕ್ಕೆ ನಡೆಯುವುದೇ ಮುಖ್ಯವಾಗಿದ್ದ ಕರಾರಿನಲ್ಲಿ, ತಡವಾಗಿ ಕೊಟ್ಟದ್ದನ್ನು ಮಾತಿಲ್ಲದೆ ಸ್ವೀಕರಿಸಿದವನು ಆ ತಡದಿಂದಾದ ನಷ್ಟವನ್ನು ಆಮೇಲೆ ಕೇಳಲಾರನು. ಸ್ವೀಕರಿಸುವಾಗಲೇ ‘ನಷ್ಟವನ್ನು ಕೇಳುವ ಹಕ್ಕನ್ನು ಉಳಿಸಿಕೊಂಡು ಒಪ್ಪಿದ್ದೇನೆ’ ಎಂದು ಬರೆದು ತಿಳಿಸಿದರೆ ಹಕ್ಕು ಉಳಿಯುತ್ತದೆ. ಒಂದು ಸಾಲಿನ ಬರವಣಿಗೆಯಿಂದ ಆಗತಕ್ಕ ಲಾಭವಿದು. ಮೂರನೆಯದಾಗಿ, ಖರ್ಚಿನ ರಸೀತಿಗಳನ್ನೆಲ್ಲ ಜೋಪಾನಮಾಡಬೇಕು. ಹಣದ ದಾವೆಗೂ, ಕರಾರು ನಡೆಸಿಕೊಡಬೇಕೆಂಬ ದಾವೆಗೂ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ‘ನಾಳೆ ಕೊಡುತ್ತೇನೆ’ ಎಂಬ ಮಾತನ್ನು ನಂಬಿ ಕುಳಿತರೂ ಈ ಅವಧಿ ನಮಗಾಗಿ ಕಾಯುವುದಿಲ್ಲ.

ವಕೀಲರ ವೆಚ್ಚಕ್ಕೆ ಅಂಜಿ ಹಕ್ಕನ್ನು ಬಿಟ್ಟುಕೊಡುವವರೂ ಉಂಟು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಯಂತೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಕಾರ್ಖಾನೆಯ ಕೆಲಸಗಾರರಿಗೂ, ಪ್ರವಾಹಾದಿ ವಿಪತ್ತುಗಳಿಗೆ ಸಿಕ್ಕಿದವರಿಗೂ ವರಮಾನದ ಎಣಿಕೆಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಇತರರಿಗೆ ವರಮಾನದ ಮಿತಿಯುಂಟು. ಜಿಲ್ಲೆಗಳಲ್ಲಿ ಪ್ರಾಧಿಕಾರಗಳೂ ತಾಲ್ಲೂಕುಗಳಲ್ಲಿ ಸಮಿತಿಗಳೂ ಇವೆ. ೧೫೧೦೦ ಎಂಬ ದೂರವಾಣಿಯಿಂದಲೂ ವಿಚಾರಿಸಬಹುದು. ಮುಂಗಡವನ್ನು ಹಿಂದಕ್ಕೆ ಪಡೆಯುವಂತಹ ವಿವಾದಗಳು ಲೋಕ ಅದಾಲತಿನಲ್ಲಿ ರಾಜಿಯಾಗುವುದಕ್ಕೆ ಬಹಳ ಅನುಕೂಲವಾದುವು.

ಮನೆಯ ಯಜಮಾನರ ಪಕ್ಷವನ್ನೂ ಮರೆಯಬಾರದು. ಒಂದೇ ಮನೆಯ ಬಾಡಿಗೆಯಿಂದ ಜೀವನ ಸಾಗಿಸುವ ವೃದ್ಧೆಯೊಬ್ಬರು ಹಿಂದಿನ ಒಕ್ಕಲಿನ ಮಾತನ್ನು ನಂಬಿ ಹೊಸಬರಿಂದ ಮುಂಗಡ ಪಡೆದು ತೊಂದರೆಗೆ ಸಿಕ್ಕುವುದುಂಟು. ಅಂತಹವರಿಗೆ ನಾವು ಹೇಳುವುದಿಷ್ಟೆ: ಮನೆ ತೆರವಾಗಿ ಬೀಗದ ಕೈ ತಮ್ಮ ಕೈಗೆ ಬಂದ ಮೇಲೆ ಮುಂಗಡ ಪಡೆಯಿರಿ, ಮೊದಲೇ ಪಡೆಯಬೇಕಾಗಿ ಬಂದರೆ ಇಂತಹ ದಿನಕ್ಕೆ ತೆರವಾಗದಿದ್ದರೆ ಹಣವನ್ನು ಹಿಂದಿರುಗಿಸುವೆನೆಂದು ಪತ್ರದಲ್ಲಿಯೇ ಬರೆಯಿರಿ, ಪಡೆದ ಹಣವನ್ನು ಅಲ್ಲಿಯವರೆಗೆ ಮುಟ್ಟದಿರಿ. ಬಾಡಿಗೆದಾರರು ತಮ್ಮ ಕಡೆಯಿಂದ, ಹಣ ಕೊಡುವ ಮುಂಚೆ ಋಣಭಾರ ಪತ್ರವನ್ನು ತೆಗೆಸಿ ನೋಡಲಿ, ಯಜಮಾನರ ಮೂಲಪತ್ರಗಳನ್ನು ತೋರಿಸುವಂತೆ ಕೇಳಲಿ, ಅವು ಬ್ಯಾಂಕಿನಲ್ಲಿವೆಯೆಂದರೆ ಏತಕ್ಕೆಂದು ವಿಚಾರಿಸಲಿ, ಹಣವನ್ನು ಬ್ಯಾಂಕಿನ ಮೂಲಕವೇ ಯಜಮಾನರ ಹೆಸರಿಗೆ ಕೊಡಲಿ. ಇಷ್ಟನ್ನು ಕೇಳಲು ಸಂಕೋಚಪಡಬೇಕಾದದ್ದಿಲ್ಲ. ಕೊಡುವ ಮನೆ ನಿಜವಾಗಿಯೂ ತಮ್ಮದಾಗಿರುವ ಯಜಮಾನರು ಇದಕ್ಕೆ ಬೇಸರಪಡುವುದೂ ಇಲ್ಲ.